ಹೆರಿಗೆಯಲ್ಲಿ ಡೂಲಾ ಆಸರೆ: 0.75 ಎಂಬ ಅಂಕಿಯನ್ನು ಓದುವ ಬಗೆ

ಪ್ರಸೂತಿ ಶುಶ್ರೂಷೆಯ ಪಾಠದಲ್ಲಿ ಡೂಲಾ ಎಂಬ ಪದ ಬಂದಾಗ ವಿಜಯಪುರದ ನಮ್ಮ ತರಗತಿಯಲ್ಲಿ ಹಲವರು ಸೂಲಗಿತ್ತಿ ಎಂದು ಬರೆದುಕೊಂಡರು. ಸೂಲಗಿತ್ತಿ ಹೆರಿಗೆ ಮಾಡಿಸುವವಳು. ಡೂಲಾ ಹೆರಿಗೆ ಮಾಡಿಸುವುದಿಲ್ಲ, ಒಳಪರೀಕ್ಷೆ ಮಾಡುವುದಿಲ್ಲ, ಔಷಧ ಕೊಡುವುದಿಲ್ಲ. ಬ್ಯಾನಿ ಶುರುವಾದಾಗಿನಿಂದ ಕೂಸು ಹುಟ್ಟುವವರೆಗೆ ತಾಯಿಯ ಪಕ್ಕದಲ್ಲಿದ್ದು ಧೈರ್ಯ ಹೇಳಿ, ಮೈಗೆ ಆರಾಮ ಒದಗಿಸುವ ತರಬೇತಿ ಪಡೆದವಳು ಆಕೆ.

ನನ್ನ ಅಕ್ಕ ಚೊಚ್ಚಲ ಹೆರಿಗೆಗೆ ತವರಿಗೆ ಬಂದಿದ್ದಾಗ ಚಿಗವ್ವ ತರಬೇತಿಯಿಲ್ಲದೆಯೇ ಇದರಲ್ಲಿ ಒಂದು ಪಾಲನ್ನು ಮಾಡಿದ್ದಳು. ಬ್ಯಾನಿ ಏರುವಾಗ ಅಂಗೈಯ ಬುಡದಿಂದ ಅಕ್ಕನ ಸೊಂಟದ ಕೆಳಭಾಗವನ್ನು ಗಟ್ಟಿಯಾಗಿ ಒತ್ತಿ ಹಿಡಿಯುತ್ತಿದ್ದಳು, ಇಳಿದ ಮೇಲೆ ಕೈ ಸಡಿಲಿಸಿ ಒಂದೆರಡು ಗುಟುಕು ನೀರು ಕುಡಿಸುತ್ತಿದ್ದಳು. “ಕೈ ತಗೀಬ್ಯಾಡ ಚಿಗವ್ವಾ” ಎಂದು ಅಕ್ಕ ಬೇಡಿಕೊಳ್ಳುತ್ತಿದ್ದುದು ನನಗೆ ಇನ್ನೂ ನೆನಪಿದೆ. ಆಸ್ಪತ್ರೆಗೆ ಹೋದ ಮೇಲೆ ಚಿಗವ್ವನನ್ನು ಹೊರಗೆ ಕೂರಿಸಿದರು. ಭಯ ಹೆಚ್ಚಾದರೆ ಅಡ್ರಿನಲಿನ್ ಎಂಬ ಹಾರ್ಮೋನು ಏರುತ್ತದೆ, ಅದು ಗರ್ಭಕೋಶದ ಸಂಕೋಚನವನ್ನು ಕುಗ್ಗಿಸಬಲ್ಲದು. ಆಸರೆಯಿಂದ ಹೆರಿಗೆ ಸುಗಮವಾಗುವುದಕ್ಕೆ ಕೊಡುವ ಮುಖ್ಯ ವಿವರಣೆ ಇದು.

ನಾನು ಎಡವಿದ್ದು ಅಂಕಿಗಳಲ್ಲಿ. ಒಂದೇ ವಿಷಯದ ಹಲವು ಅಧ್ಯಯನಗಳನ್ನು ಒಟ್ಟಿಗೆ ತೂಗಿ ನೋಡುವ ಕಾಕ್ರೇನ್ ಸಂಸ್ಥೆಯ 2017ರ ವಿಮರ್ಶೆ 17 ದೇಶಗಳ 26 ಅಧ್ಯಯನಗಳಿಂದ 15,858 ಮಹಿಳೆಯರ ಮಾಹಿತಿಯನ್ನು ಒಟ್ಟುಗೂಡಿಸಿತು. ಆಸರೆ ನೀಡಿದವರಲ್ಲಿ ಡೂಲಾ ಮಾತ್ರವಲ್ಲದೆ ಆಸ್ಪತ್ರೆಯ ಸಿಬ್ಬಂದಿಯೂ ಬಂಧುಗಳೂ ಇದ್ದರು. ನಿರಂತರ ಆಸರೆ ಸಿಕ್ಕವರಲ್ಲಿ ಸಿಸೇರಿಯನ್‌ನ ಸಾಪೇಕ್ಷ ಅಪಾಯ, ಅಂದರೆ ಆಸರೆ ಸಿಗದವರ ಅಪಾಯಕ್ಕೆ ಹೋಲಿಸಿದ ಪ್ರಮಾಣ, 0.75 ಎಂದಿದೆ. ಇದನ್ನು ಓದಿ ನಾನು “ನೂರು ಹೆರಿಗೆಗಳಲ್ಲಿ 25 ಸಿಸೇರಿಯನ್ ತಪ್ಪುತ್ತವೆ” ಎಂದು ಬರೆದಿಟ್ಟು, ಎರಡು ದಿನ ಅದನ್ನೇ ನಂಬಿದ್ದೆ. 0.75 ಗುಣಿಸಬೇಕಾದ ಸಂಖ್ಯೆ. ಯಾವುದಕ್ಕೆ ಗುಣಿಸುತ್ತೇವೆ ಎಂಬುದನ್ನು ಮೊದಲು ಕೇಳಬೇಕು. ಆಸರೆ ಇಲ್ಲದ 100 ಹೆರಿಗೆಗಳಲ್ಲಿ 20 ಸಿಸೇರಿಯನ್ ಆಗುತ್ತವೆ ಎಂದುಕೊಳ್ಳಿ. 20ನ್ನು 0.75ರಿಂದ ಗುಣಿಸಿದರೆ 15; ತಪ್ಪಿದ್ದು 5. ಮೊದಲು 40 ಇದ್ದಿದ್ದರೆ 30 ಉಳಿಯುತ್ತಿತ್ತು, ತಪ್ಪಿದ್ದು 10. ಎರಡೂ ಕಡೆ ಇಳಿಕೆ ಶೇಕಡಾ 25 ಆದರೂ ಆಪರೇಷನ್ ತಪ್ಪಿಸಿಕೊಂಡ ತಾಯಂದಿರ ಸಂಖ್ಯೆ ಬೇರೆ ಬೇರೆ. ಮೊದಲ ಉದಾಹರಣೆಯಲ್ಲಿ 100ನ್ನು 5ರಿಂದ ಭಾಗಿಸಿದರೆ 20: ಇಪ್ಪತ್ತು ಮಂದಿಗೆ ಆಸರೆ ದೊರೆತರೆ ಒಬ್ಬಳಿಗೆ ಸಿಸೇರಿಯನ್ ತಪ್ಪುತ್ತದೆ. ಪಕ್ಕದಲ್ಲಿ ಒಬ್ಬಳನ್ನು ಇರಗೊಟ್ಟಷ್ಟಕ್ಕೆ ಸಿಗುವ ಈ ಫಲ ನನಗೆ ದೊಡ್ಡದಾಗಿಯೇ ಕಾಣುತ್ತದೆ.

ಇದೇ ವಿಮರ್ಶೆಯಲ್ಲಿ ಹೆರಿಗೆಯ ಅವಧಿ ಸರಾಸರಿ 0.69 ಗಂಟೆ ಕಡಿಮೆಯಾಯಿತು ಎಂದಿದೆ. ಅದು 69 ನಿಮಿಷವಲ್ಲ. 60ರಿಂದ ಗುಣಿಸಿದರೆ ಸುಮಾರು 41 ನಿಮಿಷ.

ವಿಶ್ವ ಆರೋಗ್ಯ ಸಂಸ್ಥೆ 2018ರ ಶಿಫಾರಸಿನಲ್ಲಿ ತಾಯಿ ತಾನೇ ಆರಿಸಿದ ಸಂಗಾತಿ ಹೆರಿಗೆಯ ವೇಳೆ ಜೊತೆಗಿರಬೇಕು ಎಂದಿದೆ. ನಮ್ಮ ಕೇಂದ್ರ ಆರೋಗ್ಯ ಸಚಿವಾಲಯ 2016ರಲ್ಲೇ ಸರ್ಕಾರಿ ಆಸ್ಪತ್ರೆಗಳಿಗೆ ಇದಕ್ಕೆ ಅವಕಾಶ ಕೊಟ್ಟಿದೆ. ಜೊತೆಗಿರುವವಳು ಹೆರಿಗೆಯ ಅನುಭವವುಳ್ಳವಳಾಗಿರಬೇಕು, ಅಂಟುರೋಗ ಇರಬಾರದು, ಶುಚಿಯಾದ ಬಟ್ಟೆ ತೊಟ್ಟಿರಬೇಕು, ಕೊನೆಯವರೆಗೂ ಇರಲು ಒಪ್ಪಬೇಕು, ಸಿಬ್ಬಂದಿಯ ಕೆಲಸದಲ್ಲಿ ಅಡ್ಡ ಬರಬಾರದು, ಬೇರೆ ಗರ್ಭಿಣಿಯರ ಉಪಚಾರಕ್ಕೆ ಹೋಗಬಾರದು. ಚಿಗವ್ವ ಎರಡು ಮಕ್ಕಳನ್ನು ಹೆತ್ತವಳು, ಆರೋಗ್ಯವಂತೆ, ಎಷ್ಟು ಹೊತ್ತಾದರೂ ಕಾಯಲು ಸಿದ್ಧಳಿದ್ದಳು. ಆಕೆಯನ್ನು ಬಾಗಿಲಾಚೆ ಕೂರಿಸುವುದಕ್ಕೆ ಈ ಮಾರ್ಗಸೂಚಿಯಲ್ಲಿ ನನಗೆ ಒಂದು ಕಾರಣವೂ ಸಿಗಲಿಲ್ಲ.