ಸಂಸ್ಥೆಯ ಹೆಸರಿಲ್ಲದ ಷರತ್ತು: ಚೀನಾದಲ್ಲಿ ಮಧ್ಯಸ್ಥಿಕೆ ಒಪ್ಪಂದದ ಸಿಂಧುತ್ವ

ವಿವಾದ ಬಂದರೆ ನ್ಯಾಯಾಲಯಕ್ಕೆ ಹೋಗದೆ ಮಧ್ಯಸ್ಥಿಕೆಯಿಂದ, ಅಂದರೆ ಮೂರನೆಯವರು ಕೊಡುವ ತೀರ್ಪಿಗೆ ಬದ್ಧರಾಗಿ, ಬಗೆಹರಿಸಿಕೊಳ್ಳುತ್ತೇವೆ ಎಂದು ಎರಡೂ ಕಡೆಯವರು ಸಹಿ ಹಾಕಿದ ಮೇಲೂ, ಚೀನಾದಲ್ಲಿ ಆ ಒಪ್ಪಂದ ಸಿಂಧುವೇ ಎಂಬುದೇ ಮೊದಲ ವಿವಾದವಾಗಿಬಿಡುವುದುಂಟು.

ವಿದೇಶ ವ್ಯಾಪಾರದ ವ್ಯಾಜ್ಯಗಳಿಗೆಂದು 1956ರಲ್ಲೇ ಮಧ್ಯಸ್ಥಿಕೆ ಆಯೋಗ ರಚಿಸಿದ ಚೀನಾ 1987ರಲ್ಲಿ, ವಿದೇಶಿ ಮಧ್ಯಸ್ಥಿಕೆ ತೀರ್ಪುಗಳಿಗೆ ಮಾನ್ಯತೆ ಕೊಡುವ ನ್ಯೂಯಾರ್ಕ್ ಒಡಂಬಡಿಕೆಯನ್ನು ಸೇರಿತು. 1995ರ ಸೆಪ್ಟೆಂಬರ್ 1ರಂದು ಜಾರಿಯಾದ ಮಧ್ಯಸ್ಥಿಕೆ ಕಾಯ್ದೆಯ 16ನೇ ವಿಧಿಯು ಒಪ್ಪಂದದಲ್ಲಿ ಉಭಯರ ಇಚ್ಛೆ ಮತ್ತು ವಿವಾದದ ವಿಷಯದ ಜೊತೆಗೆ ಮಧ್ಯಸ್ಥಿಕೆ ನಡೆಸಲು ಆಯ್ಕೆಮಾಡಿದ ಸಂಸ್ಥೆ, ಅಂದರೆ ಮಧ್ಯಸ್ಥಿಕೆ ಆಯೋಗವೂ ಇರಬೇಕೆಂದಿತು. ಆಯೋಗ ಯಾವುದೆಂದು ಸ್ಪಷ್ಟವಿಲ್ಲದಿದ್ದರೆ ಪೂರಕ ಒಪ್ಪಂದ ಮಾಡಿಕೊಳ್ಳಬಹುದು. ಅದೂ ಆಗದಿದ್ದರೆ ಮೂಲ ಒಪ್ಪಂದ ಅಸಿಂಧು ಎಂದು 18ನೇ ವಿಧಿ ಹೇಳಿತು. ಜಗಳ ಹತ್ತಿದ ಮೇಲೆ ಪೂರಕ ಒಪ್ಪಂದಕ್ಕೆ ಯಾರು ಸಹಿ ಹಾಕುತ್ತಾರೆ?

ಈ ತೊಡಕು ಎದ್ದು ಕಂಡದ್ದು ಜರ್ಮನಿಯ ಝೂಬ್ಲಿನ್ ಕಂಪನಿಯ ಪ್ರಕರಣದಲ್ಲಿ. ಅಂತರರಾಷ್ಟ್ರೀಯ ವಾಣಿಜ್ಯ ಮಂಡಳಿಯಾದ ಐಸಿಸಿಯ ಮಧ್ಯಸ್ಥಿಕೆ ನಿಯಮಗಳು ಮತ್ತು ಶಾಂಘೈ ಎಂಬಷ್ಟೇ ಅದರ ಷರತ್ತಿನಲ್ಲಿತ್ತು. ನಿಯಮಗಳನ್ನು ಹೆಸರಿಸಿದರೆ ಸಂಸ್ಥೆಯನ್ನು ಹೆಸರಿಸಿದಂತಾಗದು ಎಂದು ಸರ್ವೋಚ್ಚ ಜನತಾ ನ್ಯಾಯಾಲಯ 2004ರಲ್ಲಿ ಅಭಿಪ್ರಾಯಪಟ್ಟಿತು. ವ್ಯಾಪಾರಿಗಳ ಉದ್ದೇಶದಲ್ಲಿ ಯಾರಿಗೂ ಸಂಶಯವಿರದಿದ್ದರೂ ಷರತ್ತು ಬಿದ್ದುಹೋಯಿತು. ನಿಯಮಗಳಿಂದಲೇ ಸಂಸ್ಥೆ ಯಾವುದೆಂದು ಗೊತ್ತಾಗುವಂತಿದ್ದರೆ ಸಾಕು ಎಂದು ಅದೇ ನ್ಯಾಯಾಲಯ ಕಾಯ್ದೆಗೆ ಕೊಟ್ಟ 2006ರ ನ್ಯಾಯಿಕ ವ್ಯಾಖ್ಯಾನ ಒಂದು ಬಾಗಿಲು ತೆರೆಯಿತು. ಐಸಿಸಿ 2012ರಲ್ಲಿ ತನ್ನ ನಿಯಮಗಳನ್ನು ಅದಕ್ಕೆ ಒಪ್ಪುವಂತೆ ತಿದ್ದಿಕೊಂಡಿತು. ಮರುವರ್ಷ ಲಾಂಗ್‌ಲಿಡೆ ಕಂಪನಿಯ ಪ್ರಕರಣದಲ್ಲಿ, ಐಸಿಸಿಯನ್ನು ಹೆಸರಿಸಿ ಶಾಂಘೈಯನ್ನು ಸ್ಥಳವಾಗಿಸಿದ್ದ ಒಪ್ಪಂದವನ್ನು ಅದೇ ನ್ಯಾಯಾಲಯ ಎತ್ತಿಹಿಡಿಯಿತು.

ಸಿಂಧುತ್ವವನ್ನು ಯಾವ ದೇಶದ ಕಾನೂನಿನಿಂದ ಅಳೆಯಬೇಕೆಂಬುದೂ ಅಷ್ಟೇ ಮುಖ್ಯ. 2018ರಿಂದ ಜಾರಿಯಲ್ಲಿರುವ ನಿಯಮಗಳ ಪ್ರಕಾರ, ಇಡೀ ಕರಾರಿಗೆ ಆಯ್ದುಕೊಂಡ ಕಾನೂನು ಮಧ್ಯಸ್ಥಿಕೆ ಷರತ್ತಿಗೆ ತಾನಾಗಿ ಅನ್ವಯಿಸುವುದಿಲ್ಲ. ಷರತ್ತಿಗೆಂದೇ ಕಾನೂನನ್ನು ಆಯ್ದುಕೊಂಡಿರದೆ, ಸಂಸ್ಥೆ ಇರುವ ದೇಶದ ಕಾನೂನು ಮತ್ತು ಮಧ್ಯಸ್ಥಿಕೆ ನಡೆಯುವ ಸ್ಥಳದ ಕಾನೂನು ಬೇರೆಬೇರೆ ಉತ್ತರ ಕೊಟ್ಟರೆ, ಒಪ್ಪಂದವನ್ನು ಉಳಿಸುವ ಕಾನೂನನ್ನೇ ನ್ಯಾಯಾಲಯ ಆರಿಸಿಕೊಳ್ಳಬೇಕು. ಬಹಳ ಹಿಂದೆಯೇ ಬರಬೇಕಿದ್ದ ನಿಯಮವಿದು. ಇದಲ್ಲದೆ, ವಿದೇಶಿ ಸಂಬಂಧವಿರುವ ಒಪ್ಪಂದವನ್ನು ಅಸಿಂಧುವೆನ್ನುವ ಮುನ್ನ ಕೆಳ ನ್ಯಾಯಾಲಯಗಳು ಸರ್ವೋಚ್ಚ ನ್ಯಾಯಾಲಯದವರೆಗೂ ವರದಿ ಮಾಡಬೇಕೆಂಬ 1995ರ ಏರ್ಪಾಡು ಅನೇಕ ಒಪ್ಪಂದಗಳಿಗೆ ರಕ್ಷಣೆಯಾಗಿ ನಿಂತಿದೆ.

2021ರ ಕರಡು ತಿದ್ದುಪಡಿ ಸಂಸ್ಥೆಯನ್ನು ಹೆಸರಿಸುವ ಕಡ್ಡಾಯವನ್ನೇ ಕೈಬಿಡಲು ಹೊರಟಿತ್ತು. 2025ರ ಸೆಪ್ಟೆಂಬರ್‌ನಲ್ಲಿ ಅಂಗೀಕಾರಗೊಂಡ, 2026ರ ಮಾರ್ಚ್ 1 ಜಾರಿಯ ದಿನವಾಗಿರುವ ಪರಿಷ್ಕೃತ ಕಾಯ್ದೆ ಆ ಕಡ್ಡಾಯವನ್ನು ಉಳಿಸಿಕೊಂಡಿತು. ಸಂಸ್ಥೆಯಿಲ್ಲದ ಮಧ್ಯಸ್ಥಿಕೆಗೆ ಅವಕಾಶ ಸಿಕ್ಕಿರುವುದು ವಿದೇಶಿ ಸಂಬಂಧದ ಕಡಲ ವ್ಯಾಪಾರದ ವಿವಾದಗಳಿಗೆ ಮತ್ತು ಮುಕ್ತ ವ್ಯಾಪಾರ ವಲಯದಂಥ ಕೆಲವೇ ಪ್ರದೇಶಗಳಲ್ಲಿ ನೋಂದಾಯಿಸಿದ ಉದ್ಯಮಗಳ ವಿದೇಶಿ ಸಂಬಂಧದ ವಿವಾದಗಳಿಗೆ ಮಾತ್ರ. ಉಳಿದವರು ಚೀನಾದಲ್ಲಿ ಮಧ್ಯಸ್ಥಿಕೆ ಬಯಸಿದರೆ ಸಂಸ್ಥೆಯ ಪೂರ್ಣ ಹೆಸರನ್ನು ಕರಾರಿನಲ್ಲಿ ಬರೆಯುವುದೇ ಕ್ಷೇಮ.