ಬಿಯರ್ ಹಣದಿಂದ ಎದ್ದ ಮನೆಗಳು: ಲಾರ್ಡ್ ಐವಾ ಬದುಕಿನ ಹಿನ್ನೆಲೆ

ಡಬ್ಲಿನ್‌ನ ಸೇಂಟ್ ಜೇಮ್ಸ್ ಗೇಟ್‌ನಲ್ಲಿದ್ದ ಬಿಯರ್ ಕಾರ್ಖಾನೆಯನ್ನು ಆರ್ಥರ್ ಗಿನ್ನೆಸ್ 1759ರಲ್ಲಿ ವರ್ಷಕ್ಕೆ 45 ಪೌಂಡ್ ಬಾಡಿಗೆಯಂತೆ 9,000 ವರ್ಷಗಳ ಗುತ್ತಿಗೆಗೆ ಹಿಡಿದರು. ಅವರ ಮರಿಮಗ, ಮುಂದೆ ಲಾರ್ಡ್ ಐವಾ ಎನಿಸಿಕೊಂಡ ಎಡ್ವರ್ಡ್ ಸೆಸಿಲ್ ಗಿನ್ನೆಸ್ ಹುಟ್ಟಿದ್ದು 1847ರಲ್ಲಿ. 1868ರಲ್ಲಿ ತಂದೆ ತೀರಿಕೊಂಡಾಗ ಕಾರ್ಖಾನೆ ಎಡ್ವರ್ಡ್‌ಗೂ ಅವರ ಅಣ್ಣನಿಗೂ ಸೇರಿತು. 1876ರಲ್ಲಿ ಅಣ್ಣನ ಪಾಲನ್ನೂ ಕೊಂಡ ಎಡ್ವರ್ಡ್, ಹತ್ತು ವರ್ಷಗಳ ಬಳಿಕ ಕಂಪನಿಯ ಷೇರುಗಳನ್ನು ಲಂಡನ್ ಮಾರುಕಟ್ಟೆಗೆ ಬಿಟ್ಟು, ಸುಮಾರು 60 ಲಕ್ಷ ಪೌಂಡ್ ಬಂಡವಾಳ ಎತ್ತಿದರು.

ಬಿಯರ್ ತಯಾರಕರಿಗೆ ಒಬ್ಬರ ಹಿಂದೊಬ್ಬರಂತೆ ಪ್ರಭುಪದವಿ ಸಿಗುತ್ತಿದ್ದ ಕಾಲವದು. 1886ರಲ್ಲಿ ಬಾಸ್ ಮತ್ತು ಆಲ್ಸಾಪ್ ಮನೆತನಗಳಿಗೆ ದೊರೆತ ಬ್ಯಾರನ್ ಪದವಿ 1891ರಲ್ಲಿ ಎಡ್ವರ್ಡ್‌ಗೂ ದೊರೆಯಿತು. 1919ರಲ್ಲಿ ಅವರು ಬ್ಯಾರನ್‌ಗಿಂತ ಮೇಲಿನ ಪದವಿಗೇರಿ ಐವಾದ ಅರ್ಲ್ ಆದರು. ಆದರೆ ಅವರನ್ನು ಅಳೆಯಬೇಕಾದದ್ದು ಬಿರುದುಗಳಿಂದಲ್ಲ, ಅವರು ಕಟ್ಟಿಸಿದ ಮನೆಗಳಿಂದ ಎಂಬುದು ನನ್ನ ದೃಢ ಅಭಿಪ್ರಾಯ. ಬಡ ಕಾರ್ಮಿಕರ ವಸತಿಗೆಂದು ಲಂಡನ್‌ಗೆ 2 ಲಕ್ಷ, ಡಬ್ಲಿನ್‌ಗೆ 50 ಸಾವಿರ ಪೌಂಡ್ ಮೀಸಲಿಟ್ಟು ಅವರು ಸ್ಥಾಪಿಸಿದ ಗಿನ್ನೆಸ್ ಟ್ರಸ್ಟ್ 1890ರಲ್ಲಿ ಕಾರ್ಯಾರಂಭ ಮಾಡಿತು. ಡಬ್ಲಿನ್‌ನ ಸೇಂಟ್ ಪ್ಯಾಟ್ರಿಕ್ ಕೆಥೆಡ್ರಲ್ ಸುತ್ತಲಿನ ಕೊಳೆಗೇರಿಗಳ ಜಾಗದಲ್ಲಿ ಉದ್ಯಾನ, ಕೆಂಪು ಇಟ್ಟಿಗೆಯ ವಸತಿ ಕಟ್ಟಡಗಳು, ಸಾರ್ವಜನಿಕ ಸ್ನಾನಗೃಹ ಎದ್ದವು. ಅಲ್ಲಿನ ಬೀದಿಗಳಲ್ಲಿ ಹಳೆ ಬಟ್ಟೆ ಮಾರುತ್ತಿದ್ದವರು ನೆಲೆ ಕಳೆದುಕೊಂಡಾಗ, ಅವರಿಗಾಗಿ 1906ರಲ್ಲಿ ಸೂರಿರುವ ಮಾರುಕಟ್ಟೆಯೊಂದು ತೆರೆಯಿತು; ಮಾರಾಟಕ್ಕೆ ಬಂದ ಬಟ್ಟೆಯನ್ನು ಒಗೆದು ಸೋಂಕು ತೆಗೆಯುವ ಏರ್ಪಾಡೂ ಅಲ್ಲಿತ್ತು. ಬಡವರ ದಿನನಿತ್ಯದ ಕಷ್ಟವನ್ನು ಹತ್ತಿರದಿಂದ ಕಂಡವರಿಗಷ್ಟೇ ಹೊಳೆಯುವ ಸಂಗತಿಯಿದು.

ಭಾರತದ ಎಳೆಯೊಂದೂ ಈ ಕಥೆಯಲ್ಲಿದೆ. ಪಂಜಾಬಿನ ಕೊನೆಯ ಮಹಾರಾಜ ದುಲೀಪ್ ಸಿಂಗ್ ವಾಸವಾಗಿದ್ದ, ಇಂಗ್ಲೆಂಡಿನ ಸಫೋಕ್‌ನ ಎಲ್ವೆಡನ್ ಬಂಗಲೆಯನ್ನು, ಮಹಾರಾಜರು ತೀರಿಕೊಂಡ ಮರುವರ್ಷ, 1894ರಲ್ಲಿ, ಐವಾ ಕೊಂಡರು. ಮಹಾರಾಜರು ಭಾರತೀಯ ಶೈಲಿಯಲ್ಲಿ ಮಾಡಿಸಿದ್ದ ಅಲಂಕಾರವನ್ನು ಅಳಿಸದೆ, ಅದಕ್ಕೆ ಹೊಂದುವಂತೆ ಗುಮ್ಮಟವಿರುವ ಅಮೃತಶಿಲೆಯ ಸಭಾಂಗಣವನ್ನು ಕಟ್ಟಿಸಿದರು. ದುಲೀಪ್ ಸಿಂಗ್ ಅವರ ಸಮಾಧಿ ಇಂದಿಗೂ ಅದೇ ಊರಿನ ಚರ್ಚ್ ಆವರಣದಲ್ಲಿದೆ.

1925ರಲ್ಲಿ ಐವಾ ಉತ್ತರ ಲಂಡನ್‌ನ ಕೆನ್‌ವುಡ್ ಭವನವನ್ನು ಕೊಂಡರು. ಎರಡು ವರ್ಷಗಳ ನಂತರ ತೀರಿಕೊಂಡಾಗ ಆ ಭವನವನ್ನೂ ತಮ್ಮ ಸಂಗ್ರಹದ 63 ಚಿತ್ರಗಳನ್ನೂ ಸಾರ್ವಜನಿಕರಿಗೆ ಬಿಟ್ಟುಹೋಗಿದ್ದರು. ಬಿಳಿ ಟೋಪಿ ತೊಟ್ಟು, ಕೈಯಲ್ಲಿ ಬಣ್ಣದ ಹಲಗೆ ಹಿಡಿದು, ಹಿಂದಿನ ಗೋಡೆಯ ಮೇಲೆ ಎರಡು ಅಪೂರ್ಣ ವೃತ್ತಗಳೊಂದಿಗೆ ನಿಂತಿರುವ ಡಚ್ ಚಿತ್ರಕಾರ, ವೃದ್ಧ ರೆಂಬ್ರಾಂಟ್ ಅವರ ಸ್ವಚಿತ್ರ ಅಲ್ಲಿದೆ; ಅದನ್ನು ನೋಡಲು ಟಿಕೆಟ್ ಬೇಕಿಲ್ಲ.