ಚೂರು ಬಟ್ಟೆಯ ಕುಷನ್ ಕವರ್ ಒಂದೇ ಒಗೆತಕ್ಕೆ ಯಾಕೆ ಕೆಡುತ್ತದೆ?

ಪ್ರಶ್ನೆ: ಉಳಿದ ಬಟ್ಟೆ ಚೂರುಗಳನ್ನು ಚೌಕವಾಗಿ ಕತ್ತರಿಸಿ, ಜೋಡಿಸಿ ಕುಷನ್ ಕವರ್ ಹೊಲಿದೆ. ಹೊಲಿದಾಗ ಚೆನ್ನಾಗಿಯೇ ಇತ್ತು. ಒಂದು ಸಲ ಒಗೆದದ್ದೇ ತಡ, ಅಲ್ಲಲ್ಲಿ ಸುಕ್ಕುಗಟ್ಟಿತು, ಎರಡು ಕಡೆ ಹೊಲಿಗೆಯೂ ಬಿಟ್ಟಿತು. ತಪ್ಪಿದ್ದು ಎಲ್ಲಿ?

ಉತ್ತರ: ಇವು ಎರಡು ಬೇರೆ ಬೇರೆ ತೊಂದರೆಗಳು. ಸುಕ್ಕಿಗೆ ಕಾರಣ ಬಟ್ಟೆಯ ಆಯ್ಕೆ. ಹೊಲಿಗೆ ಬಿಟ್ಟದ್ದಕ್ಕೆ ಕಾರಣ, ಬಹುಪಾಲು, ಒಳಗೆ ಲೈನಿಂಗ್ ಇಲ್ಲದಿರುವುದು.

ಮೊದಲು ಸುಕ್ಕಿನ ವಿಚಾರ. ಹೊಸ ಹತ್ತಿ ಬಟ್ಟೆ ಮೊದಲ ಒಗೆತದಲ್ಲಿ ಸಾಮಾನ್ಯವಾಗಿ ಶೇ. 3ರಿಂದ 5ರಷ್ಟು ಕುಗ್ಗುತ್ತದೆ. ಪಾಲಿಯೆಸ್ಟರ್ ಕುಗ್ಗುವುದೇ ಇಲ್ಲ ಎನ್ನಬಹುದು. ಹಳೆಯ ಅಂಗಿಯಿಂದ ತೆಗೆದ ಚೂರು ಕುಗ್ಗುವಷ್ಟೂ ಕುಗ್ಗಿ ಮುಗಿದಿರುತ್ತದೆ. ಈ ಮೂರನ್ನೂ ಅಕ್ಕಪಕ್ಕ ಹೊಲಿದರೆ ಹೊಸ ಹತ್ತಿಯ 10 ಸೆಂ.ಮೀ. ಚೌಕ ಮೂರರಿಂದ ಐದು ಮಿಲಿಮೀಟರ್ ಒಳಕ್ಕೆ ಸರಿಯುತ್ತದೆ, ಪಕ್ಕದ್ದು ಇದ್ದಲ್ಲೇ ಇರುತ್ತದೆ. ಆ ಹೆಚ್ಚುವರಿ ಬಟ್ಟೆಗೆ ಹೋಗಲು ಜಾಗವಿಲ್ಲ, ನೆರಿಗೆಯಾಗಿ ಎದ್ದು ನಿಲ್ಲುತ್ತದೆ. ಇಸ್ತ್ರಿ ಎಷ್ಟೇ ಒತ್ತಿದರೂ ಅದು ಪೂರ್ತಿ ಹೋಗುವುದಿಲ್ಲ.

ಆದ್ದರಿಂದ ಕತ್ತರಿ ಹಿಡಿಯುವ ಮೊದಲೇ ಹತ್ತಿ ಚೂರುಗಳನ್ನೆಲ್ಲ ಬಿಸಿನೀರಿನಲ್ಲಿ ಅರ್ಧ ಗಂಟೆ ನೆನೆಸಿ, ಹಿಂಡದೆ ಒಣಗಿಸಿ, ಇಸ್ತ್ರಿ ಮಾಡಿ. ವಾಷಿಂಗ್ ಮೆಷಿನ್ನಿಗೆ ಬಿಡಿಯಾಗಿ ಹಾಕಬೇಡಿ, ಅಂಚುಗಳು ನೂಲು ಬಿಟ್ಟು ಒಂದಕ್ಕೊಂದು ಸುತ್ತಿಕೊಳ್ಳುತ್ತವೆ. ಕೆಂಪು, ಕಪ್ಪು, ಕಡು ನೀಲಿಯನ್ನು ಬೇರೆಯಾಗಿ ನೆನೆಸಿ. ನೀರಿಗೆ ಬಣ್ಣ ಬಿಟ್ಟರೆ ಮತ್ತೊಮ್ಮೆ ತೊಳೆದು, ಒದ್ದೆ ಇರುವಾಗಲೇ ಬಿಳಿ ಬಟ್ಟೆಯಿಂದ ಉಜ್ಜಿ ನೋಡಿ. ಇನ್ನೂ ಕಲೆ ಬಿದ್ದರೆ ಆ ಚೂರನ್ನು ತಿಳಿ ಬಣ್ಣದ ಜೊತೆ ಸೇರಿಸದಿರುವುದೇ ಕ್ಷೇಮ.

ದಪ್ಪವೂ ಹೊಂದಬೇಕು. ತೆಳು ವಾಯಿಲ್ ಪಕ್ಕದಲ್ಲಿ ಜೀನ್ಸ್ ಬಟ್ಟೆ ಇಟ್ಟರೆ ಎಳೆತವೆಲ್ಲ ತೆಳು ಬಟ್ಟೆಯ ಮೇಲೆ ಬಿದ್ದು, ಹೊಲಿಗೆಯ ಪಕ್ಕದಲ್ಲೇ ಅದು ಪಿಸಿಯುತ್ತದೆ. ಸೇರಿಸಲೇಬೇಕೆಂದಿದ್ದರೆ ತೆಳು ಚೂರಿನ ಹಿಂದೆ ಫ್ಯೂಸಿಂಗ್ (ಇಸ್ತ್ರಿಯ ಬಿಸಿಗೆ ಅಂಟಿಕೊಳ್ಳುವ ಒಳಬಟ್ಟೆ) ಅಂಟಿಸಿ. ಟೀ ಶರ್ಟಿನಂಥ ಹಿಗ್ಗುವ ಬಟ್ಟೆಯನ್ನು ಈ ಗುಂಪಿನಿಂದ ಹೊರಗಿಡಿ. ಅದನ್ನು 4–5 ಸೆಂ.ಮೀ. ಅಗಲದ ಪಟ್ಟಿಗಳಾಗಿ ಸೀಳಿ ಜಡೆ ಹೆಣೆದು ಕಾಲೊರಸು ಮಾಡಿಕೊಳ್ಳಬಹುದು.

ಸುಕ್ಕಿಗೆ ಇನ್ನೊಂದು ಕಾರಣ ಯಾರ ಕಣ್ಣಿಗೂ ಬೀಳುವುದಿಲ್ಲ: ಚೌಕವನ್ನು ಓರೆಯಾಗಿ ಕತ್ತರಿಸಿರುವುದು. ತೋಳು, ಕತ್ತು ಕತ್ತರಿಸಿ ಉಳಿದ ಚೂರುಗಳ ಅಂಚು ಹೆಚ್ಚಾಗಿ ಕ್ರಾಸ್ ಆಗಿರುತ್ತದೆ. ಆ ಅಂಚಿಗೇ ಸ್ಕೇಲ್ ಇಟ್ಟು ಕತ್ತರಿಸಿದರೆ ಚೌಕ ರಬ್ಬರಿನಂತೆ ಹಿಗ್ಗುತ್ತದೆ. ಅಂಚನ್ನು ಬಿಟ್ಟು, ಹಾಸು ಹೊಕ್ಕಿನ ಎಳೆ ಯಾವ ಕಡೆ ಓಡುತ್ತದೋ ಅದಕ್ಕೆ ಸರಿಯಾಗಿ ಗೆರೆ ಹಾಕಿ. ಎಳೆ ಕಾಣಿಸದಿದ್ದರೆ ಒಂದು ನೂಲು ಕಿತ್ತು ನೋಡಿ.

ಇನ್ನು ಅಳತೆ. 40 ಸೆಂ.ಮೀ. ಕವರಿಗೆ ಸಾಲಿಗೆ ನಾಲ್ಕರಂತೆ ಹದಿನಾರು ಚೌಕ ಸಾಕು. ಪ್ರತಿಯೊಂದನ್ನೂ 12 ಸೆಂ.ಮೀ. ಕತ್ತರಿಸಿ, ಸುತ್ತ 1 ಸೆಂ.ಮೀ. ಹೊಲಿಗೆಗೆ ಬಿಡಿ. ಜೋಡಿಸಿದ ಮೇಲೆ ಮುಂಭಾಗ 42 ಸೆಂ.ಮೀ. ಬರುತ್ತದೆ. ಇದರಲ್ಲಿ ಕತ್ತರಿಸಿದ ಬಟ್ಟೆಯ ಸುಮಾರು ಶೇ. 30 ಭಾಗ ಹೊಲಿಗೆಯೊಳಗೇ ಹೋಗುತ್ತದೆ. ಅದೇ 5 ಸೆಂ.ಮೀ. ಕಾಣುವ ಪುಟ್ಟ ಚೌಕಗಳಾದರೆ ಹತ್ತಿರ ಹತ್ತಿರ ಅರ್ಧದಷ್ಟು ಬಟ್ಟೆ ಒಳಗೆ ಮುಚ್ಚಿಹೋಗುತ್ತದೆ. ಉಳಿಸಲು ಹೊರಟು ಕಳೆಯುವ ಕೆಲಸ ಅದು. 7 ಸೆಂ.ಮೀ.ಗಿಂತ ಸಣ್ಣ ಚೂರುಗಳನ್ನು ಚೌಕ ಮಾಡುವ ಹಟ ಬಿಟ್ಟು, ಒಂದು ಹಳೆಯ ಹತ್ತಿ ಬಟ್ಟೆಯ ಮೇಲೆ ಒಂದರ ಅಂಚನ್ನು ಇನ್ನೊಂದು ಮುಚ್ಚುವಂತೆ ಇಟ್ಟು ಹೊಲಿಯುವುದೇ ಮೇಲು.

ಹೊಲಿಗೆ ಅತ್ತಿತ್ತ ಸರಿದರೂ ಲೆಕ್ಕ ತಪ್ಪುತ್ತದೆ. ಪ್ರತಿ ಹೊಲಿಗೆಯಲ್ಲಿ 1 ಮಿ.ಮೀ. ಹೆಚ್ಚು ಒಳಗೆ ಹೋದರೆ ಎರಡು ತುಂಡು ಸೇರಿ 2 ಮಿ.ಮೀ., ಮೂರು ಹೊಲಿಗೆಗೆ 6 ಮಿ.ಮೀ. ಆಗ ಒಂದು ಸಾಲಿನ ಮೂಲೆ ಇನ್ನೊಂದು ಸಾಲಿಗೆ ಕೂಡುವುದಿಲ್ಲ, ಎಳೆದು ಕೂಡಿಸಿದರೆ ಅಲ್ಲೇ ಸುಕ್ಕು. ಬೇಡದ ಚೂರಿನಲ್ಲಿ ಮೂರು ಚೌಕ ಹೊಲಿದು ನಡುವಿನದನ್ನು ಅಳೆಯಿರಿ. ಸರಿಯಾಗಿ 10 ಸೆಂ.ಮೀ. ಬಂದರೆ ಮುಂದುವರಿಯಿರಿ. ಮಧ್ಯಮ ದಪ್ಪದ ಬಟ್ಟೆಗೆ 14ನೇ ನಂಬರಿನ ಸೂಜಿ, ಜೀನ್ಸಿಗೆ 16, ಟಾಕಿನ ಉದ್ದ 2ರಿಂದ 2.5 ಮಿ.ಮೀ. ಒಂದು ಸಾಲಿನ ಹೊಲಿಗೆಯ ಅಂಚುಗಳನ್ನು ಎಡಕ್ಕೆ, ಮುಂದಿನ ಸಾಲಿನದನ್ನು ಬಲಕ್ಕೆ ಮಡಚಿ ಇಸ್ತ್ರಿ ಒತ್ತಿದರೆ ಸಾಲುಗಳು ಸೇರುವ ಕಡೆ ಗಂಟು ದಪ್ಪವಾಗದೆ ಕೂಡಿಕೊಳ್ಳುತ್ತವೆ. ಇಸ್ತ್ರಿಪೆಟ್ಟಿಗೆಯನ್ನು ಎಳೆಯಬೇಡಿ, ಎತ್ತಿ ಎತ್ತಿ ಇಡಿ.

ಈಗ ಹೊಲಿಗೆ ಬಿಟ್ಟದ್ದರ ಮೂಲ. ತುಂಡು ಜೋಡಣೆಯ ಹೊದಿಕೆಗಳಲ್ಲಿ ಕಾಲು ಇಂಚಿನಷ್ಟೇ, ಅಂದರೆ 6 ಮಿ.ಮೀ. ಅಂಚು ಬಿಡುವ ರೂಢಿ ಇದೆ. ಅಲ್ಲಿ ಅದು ನಡೆಯುತ್ತದೆ, ಏಕೆಂದರೆ ಮೇಲ್ಪದರವನ್ನು ಒಳಪದರಕ್ಕೆ ಉದ್ದಕ್ಕೂ ಹೊಲಿದಿರುತ್ತಾರೆ, ಎಳೆತ ಹಂಚಿಹೋಗುತ್ತದೆ. ಕುಷನ್ ಕವರಿನಲ್ಲಿ ಒಂದೇ ಪದರವಿದ್ದು, ಒರಗಿದಾಗಲೆಲ್ಲ ಜೋಡಣೆಯ ಹೊಲಿಗೆಯೇ ಭಾರ ಹೊರುತ್ತದೆ. ಒಳಗಿನ ಅಂಚು ದಿಂಬಿಗೆ ಉಜ್ಜಿ, ಒಗೆತದಲ್ಲಿ ನೂಲು ಬಿಟ್ಟು, ಹೊಲಿಗೆಯ ತನಕ ಬರುತ್ತದೆ. ದಾರ ತುಂಡಾಗದೆಯೂ ಹೊಲಿಗೆ ಬಿಡುವುದು ಹೀಗೆಯೇ.

ಪರಿಹಾರ: ಜೋಡಿಸಿದ ಮುಂಭಾಗದ ಹಿಂದೆ ನೆನೆಸಿ ಕುಗ್ಗಿಸಿದ 44 ಸೆಂ.ಮೀ. ಚೌಕದ ಹತ್ತಿ ಲೈನಿಂಗ್ ಇಟ್ಟು, ಗುಂಡುಪಿನ್ ಚುಚ್ಚಿ, ಪ್ರತಿ ಜೋಡಣೆಯ ಪಕ್ಕ 5 ಮಿ.ಮೀ. ಬಿಟ್ಟು ಒಂದು ಹೊಲಿಗೆ ಹಾಕಿ. ನಡುವಿನಿಂದ ಹೊರಕ್ಕೆ ಹೋಗಿ. ಒಂದು ತುದಿಯಿಂದ ಶುರು ಮಾಡಿದರೆ ಬಟ್ಟೆ ಮುಂದಕ್ಕೆ ತಳ್ಳಿಕೊಂಡು ಇನ್ನೊಂದು ತುದಿಯಲ್ಲಿ ಗುಳ್ಳೆ ಏಳುತ್ತದೆ. ಇದರಿಂದ ಕೆಲವು ಮಿಲಿಮೀಟರ್ ಕುಗ್ಗುವುದು ಸಹಜ, ಹಾಗಾಗಿ ಹಿಂಭಾಗವನ್ನು ಮುಂಭಾಗ ಅಳೆದ ಮೇಲೆಯೇ ಕತ್ತರಿಸಿ.

ಹಿಂಭಾಗಕ್ಕೆ ಜಿಪ್ ಬೇಕಿಲ್ಲ. ಮುಂಭಾಗ 42 ಸೆಂ.ಮೀ. ಇದ್ದರೆ 42×29 ಸೆಂ.ಮೀ. ಅಳತೆಯ ಎರಡು ತುಂಡು ತೆಗೆದುಕೊಂಡು, ಒಂದೊಂದು ಉದ್ದ ಅಂಚನ್ನು ಮೊದಲು 1, ಆಮೇಲೆ 2 ಸೆಂ.ಮೀ. ಮಡಚಿ ಹೊಲಿಯಿರಿ. ಮುಂಭಾಗದ ಸೀದಾ ಬದಿ ಮೇಲಿರಲಿ. ಅದರ ಮೇಲೆ ಇವೆರಡನ್ನೂ ಉಲ್ಟಾ ಇಟ್ಟರೆ ನಡುವೆ 10 ಸೆಂ.ಮೀ. ಒಂದರ ಮೇಲೊಂದು ಬರುತ್ತದೆ. ಅದಕ್ಕಿಂತ ಕಡಿಮೆಯಾದರೆ ದಿಂಬು ಹಾಕಿದ ಮೇಲೆ ಬಾಯಿ ತೆರೆದುಕೊಳ್ಳುತ್ತದೆ. ಮೊದಲು ಇಟ್ಟ ತುಂಡೇ ತಿರುಗಿಸಿದಾಗ ಹೊರಗೆ ಕಾಣುತ್ತದೆ. ಸುತ್ತ ಹೊಲಿದು, ಹಿಂಭಾಗದ ಎರಡು ತುಂಡು ಒಂದರ ಮೇಲೊಂದು ಬರುವ ಕಡೆ ಪಕ್ಕದ ಅಂಚಿನಲ್ಲಷ್ಟೇ ಇನ್ನೊಮ್ಮೆ ಹೊಲಿದು, ಅಂಚಿಗೆ ಜಿಗ್‌ಜಾಗ್ ಅಥವಾ ಓವರ್‌ಲಾಕ್ ಹಾಕಿ. ಮೂಲೆ ಕತ್ತರಿಸುವಾಗ ಹೊಲಿಗೆಯಿಂದ 3 ಮಿ.ಮೀ. ದೂರವಿರಲಿ.

ಅಂದಹಾಗೆ, ಇದೇ ಚೂರುಗಳಿಂದ ಬಿಸಿ ಪಾತ್ರೆ ಹಿಡಿಯುವ ಬಟ್ಟೆ ಹೊಲಿಯುವುದಾದರೆ ದಾರವೂ ಸೇರಿ ಎಲ್ಲವೂ ಹತ್ತಿಯೇ ಆಗಿರಬೇಕು. ಪಾಲಿಯೆಸ್ಟರ್ ಬಿಸಿಗೆ ಕರಗಿ ಕೈಗೆ ಅಂಟುತ್ತದೆ.

ಕೆಟ್ಟಿರುವ ಕವರನ್ನು ಎಸೆಯಬೇಡಿ. ಹತ್ತಿ ಕುಗ್ಗುವಷ್ಟು ಬಹುಪಾಲು ಕುಗ್ಗಿ ಆಗಿದೆ. ಹಿಂಭಾಗ ಬಿಚ್ಚಿ, ಮುಂಭಾಗವನ್ನು ಒದ್ದೆ ಮಾಡಿ ಇಸ್ತ್ರಿ ಒತ್ತಿ. ಬಿಟ್ಟ ಕಡೆ ಅಂಚುಗಳನ್ನು ಕೂಡಿಸಿ, ಹಿಂದೆ ಫ್ಯೂಸಿಂಗ್ ಅಂಟಿಸಿ, ಮತ್ತೆ ಹೊಲಿದು, ಲೈನಿಂಗ್ ಕೊಡಿ. ಆಮೇಲೆ ಚೌಕಕ್ಕೆ ಸಮನಾಗಿ ಕತ್ತರಿಸಿ. 38 ಸೆಂ.ಮೀ. ಕವರ್ ಸಿಕ್ಕಿದರೂ ಹಳೆಯ 40ರ ದಿಂಬೇ ಅದರೊಳಗೆ ಕೂರುತ್ತದೆ, ಇನ್ನಷ್ಟು ತುಂಬಿಕೊಂಡೇ ಕಾಣುತ್ತದೆ.